ಒಂದು ಕೂಗಳತೆಯ ಕಾರು

ನಮ್ಮ ತೋಟದ ದಾರಿ ಕೇಳಿದವರಿಗೆ ವನಗೂರಿನ ಜನ ಹಿಂದೆಲ್ಲ ಮೈಲಿ, ಫರ್ಲಾಂಗುಗಳನ್ನು ಹೇಳುತ್ತಿರಲಿಲ್ಲ. "ಮೋರಿ ದಾಟಿ ನಿಂತ್ಕಳಿ. ಪಂಕಜಮ್ಮ ಕೂಗಿದ್ದು ಎಲ್ಲಿಂದ ಕೇಳ್ತದೋ ಅಲ್ಲಿಂದ ಅವರ ತೋಟ" ಎನ್ನುತ್ತಿದ್ದರು. ಪಂಕಜಾಕ್ಷಿ ನನ್ನ ಹೆಂಡತಿ. ಬೆಳಿಗ್ಗೆ ಹತ್ತಕ್ಕೆ ಕಾಫಿ ಒಣಗಿಸುವ ಕಣದ ಅಂಚಿನಲ್ಲಿ ನಿಂತು ಆಕೆ ಒಮ್ಮೆ "ಕಾಫೀ..." ಎಂದು ಕೂಗಿದರೆ, ಆ ಕೂಗು ಕೆಳಗಿನ ಗದ್ದೆಯನ್ನೂ ಹಳ್ಳವನ್ನೂ ದಾಟಿ ಆಚೆ ದಿಣ್ಣೆಯಲ್ಲಿದ್ದ ಆಳುಗಳ ಲೈನ್ ಮನೆಗಳನ್ನು ಮುಟ್ಟುತ್ತಿತ್ತು. ಆಳುಗಳಿಗೆ ಗಡಿಯಾರ ಬೇಕಿರಲಿಲ್ಲ. ಮೂವತ್ತಮೂರು ವರ್ಷ ಆಲೂರಿನ ಪ್ರೌಢಶಾಲೆಯಲ್ಲಿ ಕನ್ನಡ ಪಂಡಿತನಾಗಿದ್ದ ನಾನು, ಪಾಠದಲ್ಲಿ 'ಕೂಗಳತೆ' ಎಂಬ ಪದ ಬಂದಾಗಲೆಲ್ಲ ಮಕ್ಕಳಿಗೆ ನಿಘಂಟಿನ ಅರ್ಥವನ್ನು ಹೇಳಿ, ಮನಸ್ಸಿನಲ್ಲಿ ಆ ಕಣದ ಅಂಚನ್ನೇ ಕಾಣುತ್ತಿದ್ದೆ.

ಎರಡು ವರ್ಷಗಳ ಹಿಂದೆ ಆಕೆಯ ಕುತ್ತಿಗೆಯಲ್ಲಿ ಗಂಟೊಂದು ಬೆಳೆಯಿತು. ಮಂಗಳೂರಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಗಂಟು ಧ್ವನಿಯ ನರವನ್ನೇ ತಬ್ಬಿಕೊಂಡಿದೆ, ಜೀವಕ್ಕೆ ಭಯವಿಲ್ಲ, ಧ್ವನಿಯ ವಿಷಯದಲ್ಲಿ ಮಾತು ಕೊಡಲಾರೆ ಎಂದು ವೈದ್ಯರು ಮೊದಲೇ ತಿಳಿಸಿದ್ದರು. ಅಂತೆಯೇ ಆಯಿತು. ಉಸಿರಿಗಿಂತ ಒಂದೆಳೆ ದಪ್ಪನೆಯ ಪಿಸುಮಾತಷ್ಟೇ ಉಳಿಯಿತು.

ಅದನ್ನಾದರೂ ಆಕೆ ಮೊದಮೊದಲು ನನ್ನೊಡನೆ ಹಂಚಿಕೊಳ್ಳುತ್ತಿದ್ದಳು. ಕಳೆದ ಮೂರು ತಿಂಗಳಿಂದ ಅದೂ ನಿಂತುಹೋಗಿತ್ತು. ಅಡಿಗೆಮನೆಯಲ್ಲಿ ಸೊಸೆ ಶ್ವೇತಾಳ ಭುಜಕ್ಕೆ ಒರಗಿ ಏನೇನೋ ಹೇಳುವಳು, ಇಬ್ಬರೂ ನಗುವರು. ನಾನು ಹೊಸ್ತಿಲು ದಾಟಿದೆನೋ, ಮಾತು ಮುಗಿಯಿತು. ಊಟಕ್ಕೆ ತಟ್ಟೆ ಇಟ್ಟು ಕೈಸನ್ನೆ ಮಾಡುವಳು. ಉಳಿದಿರುವ ಆ ಒಂದೆಳೆಯನ್ನು ನನ್ನ ಮುಂದೆ ಏಕೆ ಬಿಚ್ಚುತ್ತಿಲ್ಲ ಎಂಬುದೊಂದೇ ನನ್ನನ್ನು ಒಳಗೊಳಗೇ ಕೊರೆಯುತ್ತಿತ್ತು. ಕೇಳಲು ಬಾಯಿ ಬರಲಿಲ್ಲ. ಕೇಳಿದರೆ ಉತ್ತರ ಬರುತ್ತದೆ, ಆ ಉತ್ತರ ನನಗೆ ಕೇಳಿಸದೆ ಹೋದರೆ?

ಇಲ್ಲಿ ನನ್ನ ಕಿವಿಯ ವಿಷಯವನ್ನೂ ಹೇಳಬೇಕು. ಅದು ಮಂದವಾಗಿದೆ ಎಂದು ಮನೆಯವರ ಅಭಿಪ್ರಾಯ. ಈಗಿನ ಜನ ಬಾಯಿ ತೆರೆದು ಮಾತನಾಡುವುದಿಲ್ಲ ಎಂಬುದು ನನ್ನ ವಾದವಾಗಿತ್ತು.

ಮೂರು ತಿಂಗಳಿಗೊಮ್ಮೆ ಆಕೆಯನ್ನು ಮಂಗಳೂರಿಗೆ ತೋರಿಸಿಕೊಂಡು ಬರಬೇಕು. ಮನೆಯಲ್ಲಿದ್ದುದು ನನ್ನ ಹಳೆಯ ಡೀಸೆಲ್ ಜೀಪು. ಅದರ ಕುಲುಕಾಟ ಆಕೆಯ ಕುತ್ತಿಗೆಗೆ ಒಳ್ಳೆಯದಲ್ಲವೆಂದು ತಿಳಿದು ಬೇರೆ ವಾಹನ ನೋಡಲು ಹೊರಟೆವು. ತೋಟವನ್ನು ನೋಡಿಕೊಳ್ಳುವ ಮಗ ಅಭಿಲಾಷ್ ಎತ್ತರದ ಗಾಡಿಯೇ ಬೇಕೆಂದು ಪಟ್ಟುಹಿಡಿದಿದ್ದ. ಅಷ್ಟರಲ್ಲಿ ಒಂದು ಶನಿವಾರ ಸಂಜೆ, ಸಕಲೇಶಪುರದ ಕಾಫಿ ವ್ಯಾಪಾರಿ ನಸ್ರುಲ್ಲಾ ತನ್ನ ಕಾರನ್ನು ನಮ್ಮ ಅಂಗಳಕ್ಕೆ ತಂದು ನಿಲ್ಲಿಸಿದ. ಹತ್ತನೆಯ ತರಗತಿಯಲ್ಲಿ ನನ್ನ ಶಿಷ್ಯ. ಈಗ ಅವನ ಗಡ್ಡವೂ ನೆರೆತಿದೆ.

ಕಪ್ಪು ಬಣ್ಣದ, ಹದಿನಾರು ಅಡಿಗೆ ಅಂಗುಲಗಳಷ್ಟೇ ಕಡಿಮೆಯಿದ್ದ ಸೆಡಾನ್ ಅದು. ಅಂಗಳದ ತುಳಸಿಕಟ್ಟೆಯಿಂದ ದನದ ಕೊಟ್ಟಿಗೆಯವರೆಗೂ ಅದೇ ಮಲಗಿತ್ತು.

"ನಸ್ರುಲ್ಲಾ ಅಣ್ಣ, ಇದು ನಮ್ಮ ಮೋರಿ ದಿಬ್ಬದ ಮೇಲೆ ಹೊಟ್ಟೆ ಕೊಟ್ಟು ಕೂತ್ಬುಡುತ್ತೆ ಕಣಣ್ಣ" ಎಂದ ಅಭಿಲಾಷ್. "ಎತ್ತೋಕೆ ಲೈನಿಂದ ಆಳು ಕರೀಬೇಕು."

"ನೀ ಸುಮ್ನಿರೋ ಮಾರಾಯ. ನಾನು ಮೇಷ್ಟ್ರಿಗೆ ತಂದಿರೋದು, ನಿಂಗಲ್ಲ. ನಮ್ಮನೇಲಿ ಮಕ್ಕಳೆಲ್ಲ ಎತ್ತರದ ಗಾಡಿ ತಗೊಂಡವ್ರೆ, ಇದು ಶೆಡ್ಡಲ್ಲಿ ಸುಮ್ನೆ ನಿಂತೈತೆ. ನಾಳೆ ಒಂದಿನ ಇಟ್ಕೊಳ್ಳಿ ಮೇಷ್ಟ್ರೇ. ಔಟ್‌ಟರ್ನ್ ನೋಡಿ, ಆಮೇಲೆ ಮಾತು."

ಒಣಗಿದ ಕಾಫಿ ಹಣ್ಣಿನ ಮೂಟೆಯಿಂದ ಒಂದಿಷ್ಟು ತೆಗೆದು, ಸಿಪ್ಪೆ ಬಿಡಿಸಿ, ಉಳಿದ ಬೀಜವನ್ನು ತೂಗುವುದನ್ನು ನಮ್ಮ ಕಡೆ ಔಟ್‌ಟರ್ನ್ ನೋಡುವುದು ಎನ್ನುತ್ತಾರೆ. ನಸ್ರುಲ್ಲಾನಿಗೆ ಮದುವೆಯ ಸಂಬಂಧಗಳಿಗೂ ಅದೇ ಅಳತೆ.

"ಔಟ್‌ಟರ್ನ್ ನಿನ್ನದು, ಗುಣದೋಷ ನನ್ನದು" ಎಂದೆ. "ಪಾಠ ನೆನಪಿದೆಯೇನೋ?"

"ದೋಷ ಮೊದಲು ಬರೀಬೇಕು, ಗುಣ ಆಮೇಲೆ. ಕೊನೇಲಿ ಓದಿದ್ದೇ ಮನಸ್ಸಲ್ಲಿ ಉಳಿಯೋದು. ಎತ್ತಿನ ಗಾಡಿ ಮೇಲೆ ಪ್ರಬಂಧ ಬರೆದಾಗ ನಾನು ಉಲ್ಟಾ ಬರೆದೆ ಅಂತ ಅರ್ಧ ಮಾರ್ಕ್ ಹೊಡೆದಿದ್ರಿ. ಮರೆತಿಲ್ಲ!"

ಕಂಬಕ್ಕೆ ಒರಗಿ ನಿಂತಿದ್ದ ಪಂಕಜಾಕ್ಷಿ ನಕ್ಕಳು. ಕಾರಿನ ಹಿಂಬಾಗಿಲನ್ನು ತೆರೆದು, ಮತ್ತೆ ಮುಚ್ಚಿದಳು. ಅಕ್ಕಿಯ ಕಣಜದ ಮುಚ್ಚಳ ಬಿದ್ದಂತೆ ಮೆತ್ತನೆಯ ಸದ್ದಾಯಿತು. ಇನ್ನೊಮ್ಮೆ ತೆರೆದು, ಇನ್ನೊಮ್ಮೆ ಮುಚ್ಚಿದಳು.

ಮರುದಿನ ಭಾನುವಾರ. ಕಾಫಿ ಮೊಗ್ಗು ಬಿಡಿಸುವ ಹೂಮಳೆ ಬಿದ್ದು ಒಂಬತ್ತು ದಿನವಾಗಿದ್ದು, ತೋಟವೆಲ್ಲ ಬೆಳ್ಳಗೆ ಅರಳಿ ನಿಂತಿತ್ತು. ಪಂಕಜಾಕ್ಷಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಭಾರ ನೋಡಲೆಂದು ಡಿಕ್ಕಿಯಲ್ಲಿ ಎರಡು ಮೂಟೆ ಒಣಗಿದ ಚೆರಿ ಕಾಫಿಯನ್ನು ಹಾಕಿಸಿ, ನಾನೇ ಚಕ್ರ ಹಿಡಿದೆ. ಹಳೆಯ ನೋಟುಪುಸ್ತಕದ ಹಾಳೆಯಲ್ಲಿ ನಡುವೆ ಗೆರೆ ಎಳೆದು ಎಡಕ್ಕೆ ದೋಷ, ಬಲಕ್ಕೆ ಗುಣ ಎಂದು ಬರೆದು ಪಕ್ಕದ ಸೀಟಿನಲ್ಲಿಟ್ಟುಕೊಂಡಿದ್ದೆ.

ಸಕಲೇಶಪುರ ತಲುಪುವ ಹೊತ್ತಿಗೆ ಎಡಗಡೆ ತುಂಬಿಹೋಗಿತ್ತು. ಮೋರಿಯ ದಿಬ್ಬದಲ್ಲಿ ಕಾರಿನ ಹೊಟ್ಟೆ ಕಲ್ಲಿಗೆ ಉಜ್ಜಿ, ನನ್ನ ಸ್ವಂತ ಬೆನ್ನನ್ನೇ ಯಾರೋ ಕೆರೆದಂತಾಯಿತು. ಪಂಕಜಾಕ್ಷಿ ಇಳಿದು ನಡೆದು ಮುಂದೆ ಹೋಗಿ ನಿಂತ ಮೇಲೆಯೇ ಅದು ದಾಟಿದ್ದು. ಹೆತ್ತೂರಿನ ಕಡೆಯ ತಿರುವೊಂದರಲ್ಲಿ ಒಂದೇ ಸಲಕ್ಕೆ ತಿರುಗಲಾರದೆ ಎರಡು ಬಾರಿ ಹಿಂದಕ್ಕೆ ಸರಿಯಬೇಕಾಯಿತು. ಎದುರಿಗೆ ಬಂದ ಜೀಪಿನವನು ಕತ್ತು ಹೊರಹಾಕಿ, "ಮೇಷ್ಟ್ರೇ, ರೈಲು ಯಾವಾಗ ತಗೊಂಡ್ರಿ?" ಎಂದು ಕೇಳಿ ಹೋದ. ಬೇಲಿಯ ಕಡ್ಡಿಗಳು ಎರಡೂ ಮಗ್ಗುಲನ್ನು ಗೀರುವಷ್ಟು ಅಗಲ. ಗಾಜು ಏರಿಸಿದರೆ ಕಾಫಿ ಹೂವಿನ ವಾಸನೆ ಒಳಗೆ ಬಾರದು; ಅದನ್ನೂ ದೋಷವೆಂದೇ ಬರೆದೆ. ಹಿಂದಿನಿಂದ ಬಂದ ಬಸ್ಸಿನ ಹಾರ್ನ್ ನನಗೆ ತಿಳಿಯಲೇ ಇಲ್ಲ. ಪಂಕಜಾಕ್ಷಿ ಭುಜ ತಟ್ಟಿದ ಮೇಲೆ ದಾರಿ ಬಿಟ್ಟೆ. "ಅತಿಯಾದ ನಿಶ್ಶಬ್ದ, ಹೊರಗಿನ ಎಚ್ಚರಿಕೆ ಒಳಗೆ ಕೇಳಿಸದು" ಎಂದು ಅದಕ್ಕೊಂದು ವಾಕ್ಯ ಕಟ್ಟಿದೆ. ಗುಣದ ಕಡೆ ಇದ್ದುದು ಎರಡೇ: ಡಿಕ್ಕಿ ದೊಡ್ಡದು, ಬಾಗಿಲು ಭದ್ರ.

ಪೇಟೆಯಲ್ಲಿ ನಸ್ರುಲ್ಲಾನ ಸ್ಟೋರಿನ ಮುಂದೆ ನಿಂತಾಗ ಅವನು ಹಾಳೆಯನ್ನು ಓದಿ ತಲೆ ಚಚ್ಚಿಕೊಂಡ.

"ಸಿಪ್ಪೆ ತೂಗಿ ಬೀಜ ಇಷ್ಟೇ ಅಂತ ಬರೆದ್ಬುಟ್ರಲ್ಲ ಮೇಷ್ಟ್ರೇ! ಈ ಗಾಡಿ ರುಚಿ ಇರೋದು ಹಿಂದಿನ ಸೀಟಲ್ಲಿ. ಇಳೀರಿ, ಇಳೀರಿ. ನಾನು ಹೊಡೀತೀನಿ. ಘಾಟಿ ತಲೆವರೆಗೂ ಹೋಗಿ ಬರಾಣ. ನೀವು ಹೋಗಿ ಅಮ್ಮನ ಪಕ್ಕ ಕೂತ್ಕಳಿ."

ಗಂಡಹೆಂಡಿರು ಹಿಂದೆ ಜೊತೆಯಾಗಿ ಕೂತು ಹೋಗುವುದು ನನಗೆ ರೂಢಿಯಿಲ್ಲದ ಸಂಗತಿ. ನಲವತ್ತು ವರ್ಷ ನಾನು ಜೀಪಿನ ಚಕ್ರದ ಹಿಂದೆ, ಆಕೆ ಪಕ್ಕದಲ್ಲಿ, ನಡುವೆ ಇಂಜಿನ್ನಿನ ಗರ್ಜನೆ. ಸಂಕೋಚದಿಂದಲೇ ಹೋಗಿ ಆಕೆಯ ಮಗ್ಗುಲಲ್ಲಿ ಕುಳಿತೆ. ಮಂಡಿಗೂ ಮುಂದಿನ ಸೀಟಿಗೂ ನಡುವೆ ಒಂದು ಮೊಳ ಜಾಗ ಉಳಿದಿತ್ತು. ಸೆಡಾನ್ ಎಂಬ ಪದವನ್ನು ಹಿಂದಿನ ರಾತ್ರಿ ನಿಘಂಟಿನಲ್ಲಿ ಹುಡುಕಿದಾಗ, ಹಳೆಯ ಅರ್ಥಗಳಲ್ಲಿ 'ಮೇನೆ' ಎಂಬುದೂ ಸಿಕ್ಕಿತ್ತು. ಹೊರುವವರು ಮುಂದೆ ನೋಡುತ್ತ ನಡೆಯುತ್ತಾರೆ. ಎಲ್ಲಿಗೆಂದು ಹೇಳುವವರು ಒಳಗೆ ಕುಳಿತವರು.

ನಸ್ರುಲ್ಲಾ ಗಾಜುಗಳನ್ನೆಲ್ಲ ಏರಿಸಿದ. ಪೇಟೆಯ ಗದ್ದಲ ಕತ್ತರಿಸಿ ಇಟ್ಟಂತೆ ನಿಂತಿತು. ಹೆದ್ದಾರಿಗೆ ಬಿದ್ದ ಮೇಲೆ, ನಾವು ಚಲಿಸುತ್ತಿದ್ದೇವೆ ಎಂಬುದಕ್ಕೆ ಹೊರಗಿನ ಸಿಲ್ವರ್ ಓಕ್ ಮರಗಳು ಹಿಂದಕ್ಕೆ ಸರಿಯುವುದೊಂದೇ ಸಾಕ್ಷಿ.

ಎದುರಿಗೆ ದೋಣಿಗಲ್ ಬಂತು. ಪ್ರತಿಸಲದಂತೆ ನಾನು ಬಲಗಡೆಗೆ ಮುಖ ತಿರುಗಿಸಿದೆ.

ಎಡಗಡೆಯ ಕಚ್ಚಾದಾರಿಯಲ್ಲಿ ಪಂಕಜಾಕ್ಷಿಯ ಅಕ್ಕ ಸರೋಜಮ್ಮನ ಮನೆಯಿದೆ. ಆಕೆಯ ಗಂಡ ದೇವೀರಪ್ಪನಿಗೂ ನನಗೂ ಮೂರು ವರ್ಷಗಳಿಂದ ಮಾತಿಲ್ಲ. ಒಂದು ಬೀಗರೂಟದಲ್ಲಿ ಯಾರೋ ನನ್ನನ್ನು ಎರಡೆರಡು ಸಲ ಏನೋ ಕೇಳಿದಾಗ, ದೇವೀರಪ್ಪ ಪಂಕ್ತಿಯೆಲ್ಲ ಕೇಳುವಂತೆ, "ಮೇಷ್ಟ್ರಿಗೆ ಮಾತಾಡಿದ್ರೆ ಆಗಕಿಲ್ಲ ಕಣ್ರೋ, ಕಾಗದ ಬರೆದು ಅಂಚೇಲಿ ಹಾಕಿ" ಎಂದಿದ್ದ. ಜನ ನಕ್ಕರು. ಪಾಯಸ ಬಡಿಸುವ ಮೊದಲೇ ನಾನು ಎದ್ದು ಬಂದಿದ್ದೆ. ಆದರೆ ಅಕ್ಕತಂಗಿಯರ ನಡುವೆ ನಾನೆಂದೂ ಅಡ್ಡ ಬಂದವನಲ್ಲ. ಮಂಗಳೂರಿಗೆ ಹೋಗುವಾಗಲೆಲ್ಲ ಈ ದಾರಿಯನ್ನು ಹಾದೆವು. ನಿಲ್ಲಿಸಿ ಎಂದು ಆಕೆ ಒಮ್ಮೆ ಕೇಳಿದ್ದರೆ ಸಾಕಿತ್ತು, ನಿಲ್ಲಿಸುತ್ತಿದ್ದೆ. ಆಕೆ ಕೇಳಲಿಲ್ಲ. ನನ್ನ ಅಭಿಮಾನವನ್ನು ತನ್ನದೆಂದೇ ಎಣಿಸಿದ್ದಾಳೆ ಎಂದು ನಾನು ಒಳಗೊಳಗೇ ಹೆಮ್ಮೆಪಟ್ಟದ್ದೂ ಉಂಟು.

"ಅಕ್ಕನ ಮನೆ ಹತ್ರ ಒಂದು ಗಳಿಗೆ ನಿಲ್ಸಬಹುದಾಗಿತ್ತು."

ಯಾರು ಮಾತನಾಡಿದರೆಂದು ಒಂದು ಕ್ಷಣ ತಿಳಿಯಲಿಲ್ಲ. ಪಂಕಜಾಕ್ಷಿ ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದಳು. ನನಗೆ ಹೇಳಿದ ಮಾತಲ್ಲ ಅದು; ಆಚೆ ಸರಿಯುತ್ತಿದ್ದ ದಾರಿಗೆ ಹೇಳಿದ್ದು. ಆದರೆ ಪ್ರತಿಯೊಂದು ಅಕ್ಷರವೂ, ಒತ್ತಕ್ಷರವೂ ಸಹ, ನನ್ನ ಕಿವಿಯಲ್ಲಿ ಬಂದು ಕೂತಿತು.

"ಏನಂದೆ?"

ಆಕೆ ಬೆಚ್ಚಿ ತಿರುಗಿದಳು.

"ಏನಂದೆ ಪಂಕಜಾ? ಇನ್ನೊಂದು ಸಲ ಹೇಳು."

"ಏನಿಲ್ಲ ಬಿಡಿ. ಹೋಗೋವಾಗೆಲ್ಲ ಹೇಳೋದೇ. ನೀವು ಹೂಂ ಅಂತೀರ, ಗಾಡಿ ಮುಂದಕ್ಕೆ ಹೋಗುತ್ತೆ."

ಮುಂದೆ ಕುಳಿತಿದ್ದ ನಸ್ರುಲ್ಲಾನಿಗೆ ಇದಾವುದೂ ಕೇಳಿಸಿರಲಿಲ್ಲ. ಅವನು ಲಾರಿಯೊಂದನ್ನು ಹಿಂದೆ ಹಾಕುವ ಸಿದ್ಧತೆಯಲ್ಲಿದ್ದ. ತರಗತಿಯ ಕೊನೆಯ ಬೆಂಚಿಗೆ ಕೇಳಿಸುವಂತೆ ನಾನು, "ನಿಲ್ಸೋ ನಸ್ರುಲ್ಲಾ!" ಎಂದೆ.

ಅವನು ಗಾಬರಿಯಿಂದ ರಸ್ತೆಯ ಬದಿಗೆ ತಂದು ನಿಲ್ಲಿಸಿದ. "ಏನಾಯ್ತು ಮೇಷ್ಟ್ರೇ? ಅಮ್ಮಂಗೆ ಹುಷಾರಿಲ್ವಾ?"

"ಐದು ನಿಮಿಷ ಆಚೆ ಹೋಗಿ ನಿಂತಿರು."

ನಮ್ಮಿಬ್ಬರ ಮುಖಗಳನ್ನು ಒಮ್ಮೆ ನೋಡಿ, ಅವನು ಇಳಿದು, ಮೆತ್ತಗೆ ಬಾಗಿಲು ಮುಚ್ಚಿದ.

ಒಳಗೆ ಉಳಿದವರು ನಾವಿಬ್ಬರು. ಪಂಕಜಾಕ್ಷಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು.

"ಏಳು ಸಲ ಕೇಳಿದ್ದೀನಿ" ಎಂದಳು. "ಹೋದ ಸಲ ಅಕ್ಕ ಮಂಡಿನೋವಿಗೆ ಹಾಸಿಗೆ ಹಿಡಿದಿದ್ಲು. ಆವತ್ತು ಇಲ್ಲೇ, ಈ ದಾರೀಲೇ, ನಿಮ್ಮ ತೋಳು ಹಿಡ್ಕಂಡು ಕೇಳ್ದೆ. ಆವತ್ತೂ ಹೂಂ ಅಂದ್ರಿ. ಮುಂದೆ ಹೋದ್ರಿ. ಭಾವನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ ಅಂದ್ಕಂಡೆ. ಆಮೇಲೆ ನಿಮ್ಮ ಹತ್ರ ಏನಂತ ಮಾತಾಡೋದು? ಇರೋ ಚೂರು ದನಿ."

ನನ್ನ ಮುಂದೆ ಎರಡು ದಾರಿಗಳಿದ್ದವು. ಸಿಟ್ಟಿತ್ತು, ತಪ್ಪಾಯಿತು ಎಂದುಬಿಡಬಹುದಿತ್ತು. ಅಭಿಮಾನಿಯೊಬ್ಬನಿಗೆ ಅದು ಸುಲಭದ ತಪ್ಪೊಪ್ಪಿಗೆ. ಆಕೆಯೂ ಕ್ಷಮಿಸುತ್ತಿದ್ದಳು. ಆದರೆ ನಾಳೆಯೂ ಆಕೆ ಮಾತನಾಡುತ್ತಾಳೆ, ನಾಳೆಯೂ ನಾನು ಹೂಂ ಎನ್ನುತ್ತೇನೆ.

"ನನಗೆ ಕೇಳಿಸಲಿಲ್ಲ" ಎಂದೆ.

"ಯಾವತ್ತು?"

"ಯಾವತ್ತೂ. ನಿನಗೆ ಆಪರೇಷನ್ ಆದಮೇಲೆ ಜೀಪಿನಲ್ಲಿ ನೀನು ಆಡಿದ ಒಂದು ಮಾತೂ ನನಗೆ ಕೇಳಿಸಿಲ್ಲ. ಮನೆಯಲ್ಲಿ ಅರ್ಧ. ತುಟಿ ಅಲುಗಿದ್ದು ಕಂಡರೆ ಹೂಂ ಅಂದ್ಬಿಡ್ತಿದ್ದೆ. ಇನ್ನೊಂದು ಸಲ ಹೇಳು ಅನ್ನೋಕೆ ನಾಚಿಕೆ ಆಯ್ತು. ನಿನ್ನ ಗಂಟಲಿಗೆ ನೋವಾಗುತ್ತೆ ಅಂತ ನನಗೆ ನಾನೇ ನೆಪ ಹೇಳ್ಕೊಂಡೆ. ದೇವೀರಪ್ಪ ಅಂದದ್ದು ಸರಿ ಪಂಕಜಾ. ನಾನು ಕಿವುಡ."

ಎಪ್ಪತ್ತೊಂದು ವರ್ಷದ ಬದುಕಿನಲ್ಲಿ ಅಷ್ಟು ಚಿಕ್ಕದಾದ, ಅಷ್ಟು ಕಷ್ಟವಾದ ವಾಕ್ಯವನ್ನು ನಾನು ರಚಿಸಿದ್ದಿಲ್ಲ.

ಆಕೆ ತಲೆ ತಗ್ಗಿಸಿದಳು. ಭುಜಗಳು ಅದುರತೊಡಗಿದವು. ಅಳುತ್ತಿದ್ದಾಳೆಂದು ಹೆದರಿ ಆಕೆಯ ಕೈ ಹಿಡಿದೆ. ಮುಖ ಎತ್ತಿದಾಗ ಕಣ್ಣಲ್ಲಿ ನೀರಿತ್ತು, ನಿಜ. ಆದರೆ ಆಕೆ ನಗುತ್ತಿದ್ದಳು.

"ಹಂಗಾದ್ರೆ ಹೋದ ಮಳೆಗಾಲದಲ್ಲಿ ನಿಮ್ಮನ್ನ ಬೈದಿದ್ದು?"

"ಬೈದೆಯಾ?"

"ಇಲ್ಲಿಂದ ಶುರು ಮಾಡಿ ಘಾಟಿ ಒಳಗಿನ ಕೆಂಪುಹೊಳೆವರೆಗೂ ಬೈದೆ. ನಿಮ್ಮ ಮನೆತನ, ನಿಮ್ಮ ಪಂಡಿತಿಕೆ, ಯಾವುದನ್ನೂ ಬಿಡಲಿಲ್ಲ."

"ನಾನು ಏನಂದೆ?"

"ಹೂಂ ಅಂದ್ರಿ."

ನಕ್ಕು ನಕ್ಕು ಆಕೆಗೆ ಕೆಮ್ಮು ಬಂತು. ಬೆನ್ನು ನೀವಿದೆ. ಹೊರಗೆ ನಸ್ರುಲ್ಲಾ ಹೆದ್ದಾರಿಯ ಕಲ್ಲಿನ ಮೇಲೆ ಕುಳಿತು, ನಮ್ಮ ಕಡೆ ನೋಡಬಾರದೆಂದು ಬಲು ಶ್ರಮಪಟ್ಟು ಆಕಾಶವನ್ನು ನೋಡುತ್ತಿದ್ದ. ಟ್ಯಾಂಕರುಗಳು ನಮ್ಮ ಪಕ್ಕದಲ್ಲೇ ನೆಲ ನಡುಗಿಸುತ್ತ ಹಾದುಹೋದವು. ಒಳಗೆ ಆಕೆಯ ಉಸಿರು ಹದಕ್ಕೆ ಬರುವುದೂ ನನಗೆ ಕೇಳುತ್ತಿತ್ತು.

ಸರೋಜಮ್ಮನ ಮನೆಯ ಅಂಗಳದಲ್ಲಿ ಕಾರು ನಿಂತಾಗ ಮೊದಲು ಹೊರಬಂದವನು ದೇವೀರಪ್ಪನೇ. ನನ್ನನ್ನು ಕಂಡು ಮೆಟ್ಟಿಲ ಮೇಲೇ ನಿಂತುಬಿಟ್ಟ. ಆಮೇಲೆ ಒಳಗೆ ತಿರುಗಿ, "ಏ ಸರೋಜಾ, ಮೇಷ್ಟ್ರು ಬಂದವ್ರೆ, ನಿನ್ ತಂಗೀನೂ ಬಂದವ್ಳೆ" ಎಂದು ಕೂಗಿದ. ಹತ್ತಿರ ಬಂದಾಗ ನೋಡಿದೆ: ಅವನ ಎಡಗಿವಿಯ ಹಿಂದೆ ಹುಣಸೆಬೀಜದಷ್ಟು ದೊಡ್ಡದೊಂದು ಮಿಷನ್ನು ಅಂಟಿಕೊಂಡಿತ್ತು.

ನನ್ನ ನೋಟವನ್ನು ಅವನು ಗಮನಿಸಿದ. "ನಗಬೇಡಿ ಮೇಷ್ಟ್ರೇ. ಹೋದ ದೀಪಾವಳೀಲಿ ಹಾಕಿಸ್ದೆ. ನಿಮ್ಮನ್ನ ಆಡ್ಕಂಡಿದ್ದು ನಂಗೇ ತಿರುಗ್ಬುಡ್ತು. ನಮ್ಮನೆ ಗಡಿಯಾರ ಟಿಕ್ ಟಿಕ್ ಅಂತದೆ ಅಂತ ಗೊತ್ತಾಗಿದ್ದೇ ಈಗ."

"ಯಾರ ಹತ್ತಿರ ಹಾಕಿಸಿದೆ? ವಿಳಾಸ ಬರೆದುಕೊಡು" ಎಂದೆ. "ಅಂಚೆಯಲ್ಲಿ ಹಾಕಬೇಡ. ಕೈಗೇ ಕೊಡು."

ಅವನು ತೊಡೆ ತಟ್ಟಿ ನಕ್ಕ. ಒಳಗಿನ ಕೋಣೆಯಲ್ಲಿ ಸರೋಜಮ್ಮ ಮಂಚದ ಮೇಲೆ ಕಾಲು ಚಾಚಿ ಕುಳಿತಿದ್ದರು. ಪಂಕಜಾಕ್ಷಿ ಅವರ ಕಿವಿಗೆ ಬಾಯಿಟ್ಟು ಬಹಳ ಹೊತ್ತು ಏನೋ ಹೇಳಿದಳು. ಅಕ್ಕ ನನ್ನ ಕಡೆ ನೋಡಿ ನೋಡಿ ಬಾಯಿಗೆ ಸೆರಗು ಹಿಡಿದರು. ನನಗೆ ಏನೂ ಕೇಳಿಸಲಿಲ್ಲ. ಕೇಳಿಸಬೇಕಾದ ಅಗತ್ಯವೂ ಇರಲಿಲ್ಲ.

ಸಂಜೆ ಮನೆಗೆ ಬಂದು ಹಾಳೆಯನ್ನು ಮತ್ತೆ ತೆಗೆದೆ. ಪಂಕಜಾಕ್ಷಿ ಅದನ್ನು ನನ್ನ ಕೈಯಿಂದ ಎಳೆದುಕೊಂಡು ಓದಿದಳು. "ಅತಿಯಾದ ನಿಶ್ಶಬ್ದ" ಎಂಬ ಸಾಲಿನ ಮೇಲೆ ಬೆರಳಿಟ್ಟು, ನನ್ನ ಕಿವಿಯ ಹತ್ತಿರ ಬಂದು, "ಬಸ್ಸಿನ ಹಾರ್ನ್ ನಂಗೆ ಚೆನ್ನಾಗಿ ಕೇಳ್ತು. ಇದು ಕಾರಿನ ದೋಷ ಅಲ್ಲ, ನಿಮ್ಮದು. ಅರ್ಧ ಮಾರ್ಕ್ ಕಳೀತೀನಿ" ಎಂದಳು. ಮಿಷನ್ನು ಬರುವ ತನಕ ನಾನು ಯಾವ ಗಾಡಿಯ ಚಕ್ರವನ್ನೂ ಹಿಡಿಯಕೂಡದು, ಅಭಿಲಾಷನೇ ಓಡಿಸಬೇಕು ಎಂದೂ ತೀರ್ಪಾಯಿತು. ಉಳಿದ ದೋಷಗಳನ್ನು ಹಾಗೆಯೇ ಬಿಟ್ಟೆವು. ಅವೆಲ್ಲ ನಿಜವೇ ಆಗಿದ್ದವು.

ಮರುದಿನ ಬೆಳಿಗ್ಗೆ ನಸ್ರುಲ್ಲಾನ ಫೋನು ಬಂತು. ನಮ್ಮ ಮನೆಯಲ್ಲಿ ಸಿಗ್ನಲ್ ಸರಿಯಾಗಿ ಸಿಗುವುದು ಕಣದ ಅಂಚಿನಲ್ಲಿ ಮಾತ್ರ. ಅಲ್ಲಿಗೆ ಓಡಿಹೋಗಿ ಕಿವಿಗಿಟ್ಟರೆ, ಡಬ್ಬಿಯೊಳಗಿನ ಜೀರುಂಡೆಯ ಸದ್ದು. ಹಿಂದಿನ ದಿನದವರೆಗೆ ಆಗಿದ್ದರೆ ಹೂಂ ಎಂದು ಇಟ್ಟುಬಿಡುತ್ತಿದ್ದೆ. ಫೋನನ್ನು ಹಿಂದೆಯೇ ಬಂದಿದ್ದ ಪಂಕಜಾಕ್ಷಿಗೆ ಕೊಟ್ಟೆ. ಆಕೆ ಕೇಳಿಸಿಕೊಂಡು ಏನೋ ಹೇಳಿದಳು, ಮತ್ತೆ ಹೇಳಿದಳು; ಆಚೆ ಕಡೆಯವನಿಗೆ ಆಕೆಯ ದನಿ ಸಿಗುತ್ತಿಲ್ಲವೆಂದು ಮುಖದಿಂದಲೇ ತಿಳಿಯಿತು. ಆಗ ಆಕೆ ಫೋನನ್ನು ತನ್ನ ಕಿವಿಯಲ್ಲೇ ಇಟ್ಟುಕೊಂಡು, ಇನ್ನೊಂದು ಕೈಯಿಂದ ನನ್ನ ತಲೆಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಔಟ್‌ಟರ್ನ್ ಎಷ್ಟು ಬಂತು ಅಂತ ಕೇಳ್ತಾ ಇದ್ದಾನೆ. ಹೊಟ್ಟೆ ತಾಗುತ್ತೆ ಅನ್ನಿ."

"ಹೊಟ್ಟೆ ತಾಗುತ್ತಂತೆ ಕಣೋ!" ಎಂದು ಕೂಗಿದೆ.

"ಮೋರಿ ಹತ್ರ ದಿಬ್ಬ ಕೆತ್ತಿಸ್ತೀವಿ ಅನ್ನಿ."

"ದಿಬ್ಬ ಕೆತ್ತಿಸ್ತಾಳಂತೆ!"

"ಕಾರು ಇಲ್ಲೇ ಇರ್ಲಿ ಅನ್ನಿ."

"ಕಾರು ಇಲ್ಲೇ ಇರಲಿ ಅಂತೆ!"

ನನ್ನ ಕೂಗು ಗದ್ದೆಯನ್ನು ಇಳಿದು, ಹಳ್ಳ ದಾಟಿ, ಎದುರು ದಿಣ್ಣೆಗೆ ಬಡಿದಿರಬೇಕು. ಲೈನ್ ಮನೆಯೊಂದರ ಬಾಗಿಲು ತೆರೆಯಿತು. ಆಳು ವಸಂತ ಹೊರಗೆ ಬಂದು, ಎರಡೂ ಕೈಗಳನ್ನು ಬಾಯಿಗೆ ಹಿಡಿದು ಏನನ್ನೋ ಕೂಗಿದ. ನಾನು ಪಂಕಜಾಕ್ಷಿಯ ಕಡೆ ತಿರುಗಿದೆ.

"ಕಾಫಿ ಟೈಮಾಯ್ತಾ ಅಂತಾನೆ" ಎಂದು ಆಕೆ ನನ್ನ ಕಿವಿಯಲ್ಲಿ ಹೇಳಿದಳು. "ಇನ್ನೂ ಒಂಬತ್ತು. ಹತ್ತಕ್ಕೆ ಅನ್ನಿ."

"ಹತ್ತಕ್ಕೇ...!" ಎಂದೆ.